ರಾಯನ ಕುದುರೆ, ಸುಲ್ತಾನನ ರೇಷ್ಮೆಹುಳು

ದಿಲ್ಲಿಯ ಚಳಿಗಾಲದಲ್ಲಿ ಹೊಗೆಯೂ ಮಂಜೂ ಕೂಡಿ ಕವಿದುಕೊಂಡಾಗ ಶಾಲೆಗಳಿಗೆ ರಜೆ ಸಾರುವುದು ಈಗ ವಾಡಿಕೆಯಾಗಿದೆ. ಮಕ್ಕಳನ್ನು ಹೊರಗೆ ಆಡಲು ಬಿಡುವಂತಿಲ್ಲ. ಮನೆಯೊಳಗೆ ಅವರಿಗೆ ಕಂಪ್ಯೂಟರೇ ಗತಿ. ಅಂಥದೊಂದು ರಜೆಯ ಮಧ್ಯಾಹ್ನ ನಮ್ಮ ಮನೆಯ ಹುಡುಗನು ಸಾಮ್ರಾಜ್ಯ ಕಟ್ಟುವ ಆಟವೊಂದರಲ್ಲಿ ಮುಳುಗಿದ್ದನು. ಊಟಕ್ಕೆ ಕರೆದರೂ ಏಳಲೊಲ್ಲ. ಅದೇನು ಅಷ್ಟೊಂದು ಸ್ವಾರಸ್ಯವೆಂದು ನಾವೂ ಒಂದು ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕುಳಿತೆವು. ಅವನ ರಾಜ್ಯದ ಪಕ್ಕದಲ್ಲಿ ಇನ್ನೊಂದು ರಾಜ್ಯ. ಅವರಿಗೆ ಬಂದೂಕಿನ ಮದ್ದಿನ ವಿದ್ಯೆ ಗೊತ್ತು, ಇವನಿಗೆ ಗೊತ್ತಿಲ್ಲ. ಇವನ ಬಳಿ ಕುದುರೆ ಸವಾರಿಯ ವಿದ್ಯೆ, ಜೊತೆಗೆ ಒಂದಿಷ್ಟು ಚಿನ್ನ. ರಾಯಭಾರಿಯನ್ನು ಕರೆದನು, ತಕ್ಕಡಿಯಲ್ಲಿಟ್ಟಂತೆ ಎರಡನ್ನೂ ಎದುರುಬದುರು ಇಟ್ಟನು, ಒಂದು ಗುಂಡಿ ಒತ್ತಿದನು. ಮುಗಿಯಿತು. ಮರುಕ್ಷಣವೇ ಅವನ ಊರೂರಲ್ಲಿ ಬಂದೂಕುಗಳು ತಯಾರಾಗತೊಡಗಿದವು. ಮೇಲಾಗಿ ನೆರೆಯ ಅರಸನು ಸ್ನೇಹಿತನೂ ಆದನು.

“ಇಷ್ಟೇನಾ?” ಎಂದೆವು. “ಇಷ್ಟೇ” ಎಂದನು.

ಈ ಜಾತಿಯ ಆಟಗಳಲ್ಲಿ ಬಲು ಹೆಸರಾದುದು ಅಮೆರಿಕದ ಸಿಡ್ ಮೈಯರ್ 1991ರಲ್ಲಿ ಹೊರತಂದ ‘ಸಿವಿಲೈಜೇಷನ್’. ಅದರ ನಾಲ್ಕನೆಯ ಆವೃತ್ತಿಯಲ್ಲಿ (2005) ಒಂದು ನಿಯಮವಿದೆ: ಪ್ರಜೆಗಳು ಅಕ್ಷರಮಾಲೆಯನ್ನು ಕಲಿತ ಮೇಲೆಯೇ ಅರಸನು ವಿದ್ಯೆಗಳನ್ನು ಕೊಟ್ಟು ಕೊಳ್ಳುವ ವ್ಯಾಪಾರಕ್ಕೆ ಇಳಿಯಬಹುದು. ಯಾರೋ ಬುದ್ಧಿವಂತರೇ ಮಾಡಿದ ನಿಯಮ. 2010ರ ಐದನೆಯ ಆವೃತ್ತಿಯಲ್ಲಿ ಈ ವಿನಿಮಯವನ್ನೇ ತೆಗೆದುಹಾಕಿದರು. ಎರಡು ರಾಜ್ಯಗಳು ಹಣ ಹಾಕಿ ಕೂಡಿ ಸಂಶೋಧನೆ ನಡೆಸುವ ಒಪ್ಪಂದವನ್ನು ಅದರ ಜಾಗದಲ್ಲಿಟ್ಟರು. ಹುಡುಗರಿಗೆ ಹಳೆಯ ಪದ್ಧತಿಯೇ ಹೆಚ್ಚು ಇಷ್ಟವಂತೆ. ಅದಂತಿರಲಿ. ಹುಡುಗನು ಗುಂಡಿ ಒತ್ತಿ ಮುಗಿಸಿದ ಈ ವ್ಯಾಪಾರವನ್ನು ನಮ್ಮ ಕನ್ನಡನಾಡಿನ ಅರಸರು ನಿಜವಾಗಿಯೇ ಮಾಡಿ ನೋಡಿದ್ದರು. ಒಮ್ಮೆ ಹಂಪೆಯಿಂದ, ಇನ್ನೊಮ್ಮೆ ಶ್ರೀರಂಗಪಟ್ಟಣದಿಂದ. ಎರಡೂ ಸಾರಿ ಅದು ಗುಂಡಿ ಒತ್ತಿದಷ್ಟು ಸುಲಭವಾಗಿರಲಿಲ್ಲ. ಆ ಕತೆಯನ್ನು ಹುಡುಗನಿಗೆ ಹೇಳಹೊರಟದ್ದು ಈ ಲೇಖನವಾಯಿತು.

ವಿಜಯನಗರದ ಅರಸರಿಗೆ ‘ನರಪತಿ’ ಎಂಬ ಹೆಸರಿತ್ತು, ಒರಿಸ್ಸದ ಅರಸರು ‘ಗಜಪತಿ’ಗಳು. ಉತ್ತರದ ಮುಸಲ್ಮಾನ ಅರಸರು ‘ಅಶ್ವಪತಿ’ಗಳು. ಹೆಸರಿನಲ್ಲೇ ಆ ಕಾಲದ ಯುದ್ಧಶಾಸ್ತ್ರವಿದೆ. ಕಾಲಾಳು ಎಷ್ಟೇ ಇದ್ದರೂ ಬಯಲಿನಲ್ಲಿ ಯುದ್ಧ ಗೆಲ್ಲಲು ಕುದುರೆ ಬೇಕು, ಅದೂ ಅರಬ್ಬಿ ಅಥವಾ ಪಾರಸಿ ಕುದುರೆಯೇ ಬೇಕು. ದಕ್ಷಿಣದ ಹವೆಯಲ್ಲಿ ಆ ತಳಿ ಚೆನ್ನಾಗಿ ಮರಿಹಾಕುವುದಿಲ್ಲ, ಬಹುಕಾಲ ಬದುಕುವುದೂ ಇಲ್ಲ. ಆದ್ದರಿಂದ ಹೋರ್ಮುಜ್, ಏಡನ್‌ಗಳಿಂದ ಹಡಗು ತುಂಬ ಕುದುರೆಗಳು ಭಟ್ಕಳ, ಹೊನ್ನಾವರ, ಗೋವೆಗಳಿಗೆ ಬರಬೇಕು; ವರ್ಷವರ್ಷವೂ ಬರಬೇಕು.

ಪೋರ್ತುಗೀಸ್ ಕುದುರೆ ವ್ಯಾಪಾರಿ ಫೆರ್ನಾವೊ ನೂನಿಜ್ ಹಂಪೆಯಲ್ಲಿದ್ದು 1535ರ ಸುಮಾರಿಗೆ ಬರೆದಿಟ್ಟ ವೃತ್ತಾಂತದಲ್ಲಿ ಈ ವ್ಯಾಪಾರದ ವಿವರಗಳು ಬೇಕಾದಷ್ಟಿವೆ. ಅರಸನು ವರ್ಷಕ್ಕೆ 13,000 ಕುದುರೆಗಳನ್ನು ಕೊಳ್ಳುತ್ತಿದ್ದನೆಂದೂ ಅತ್ಯುತ್ತಮವಾದವನ್ನು ತನ್ನ ಲಾಯಕ್ಕಿಟ್ಟುಕೊಂಡು ಉಳಿದವನ್ನು ದಂಡನಾಯಕರಿಗೆ ಹಂಚುತ್ತಿದ್ದನೆಂದೂ ಅವನು ಹೇಳುತ್ತಾನೆ. ಅವನು ಹೇಳುವ ಇನ್ನೊಂದು ಸಂಗತಿ ಓದಿದವರು ಮರೆಯುವಂಥದಲ್ಲ. ಸಾಳುವ ನರಸಿಂಹನ ಕಾಲದಲ್ಲಿ ಸಾವಿರ ಪರ್ದಾವ್ ಹಣಕ್ಕೆ ಮೂರು ಕುದುರೆಯಂತೆ ಬೆಲೆ; ಬದುಕಿದ್ದರೂ ಸರಿ, ಸತ್ತಿದ್ದರೂ ಸರಿ. ಸಮುದ್ರದಲ್ಲಿ ಸತ್ತ ಕುದುರೆಯ ಬಾಲವನ್ನಷ್ಟೇ ತಂದು ತೋರಿಸಿದರೂ ಬದುಕಿದ ಕುದುರೆಯಷ್ಟೇ ಹಣ ಕೊಡುತ್ತಿದ್ದನಂತೆ! ನಮಗೆ ಮೊದಲು ಇದು ಹುಚ್ಚುತನವಾಗಿ ಕಂಡಿತು. ಯೋಚಿಸಿದರೆ ಹಾಗಲ್ಲ. ಹಡಗಿನ ನಷ್ಟವನ್ನು ತಾನು ಹೊತ್ತುಕೊಂಡರೆ ವ್ಯಾಪಾರಿ ಮುಂದಿನ ವರ್ಷವೂ ತನ್ನ ಬಾಗಿಲಿಗೇ ಬರುತ್ತಾನೆ, ವೈರಿಯ ಬಾಗಿಲಿಗೆ ಹೋಗುವುದಿಲ್ಲ. ಈಗಿನ ಮಾತಿನಲ್ಲಿ ಹೇಳುವುದಾದರೆ ಅರಸನೇ ವಿಮಾ ಕಂಪೆನಿ. ಮುಂದೆ ಕೃಷ್ಣದೇವರಾಯನು ತನ್ನ ತೆಲುಗು ಕಾವ್ಯ ‘ಆಮುಕ್ತಮಾಲ್ಯದ’ದ ರಾಜನೀತಿ ಭಾಗದಲ್ಲಿ ಇದೇ ನೀತಿಯನ್ನು ಬಿಚ್ಚಿ ಹೇಳಿದ್ದಾನೆ: ಆನೆ ಕುದುರೆಗಳನ್ನು ತರುವ ಪರದೇಶಿ ವರ್ತಕರಿಗೆ ದರ್ಶನ ಕೊಟ್ಟು, ಉಡುಗೊರೆ ಕೊಟ್ಟು, ಒಳ್ಳೆಯ ಲಾಭವನ್ನೂ ಕೊಡಬೇಕು, ಆಗ ಆ ಸರಕು ಶತ್ರುಗಳ ಕೈಸೇರುವುದಿಲ್ಲ ಎಂಬುದು ಅದರ ತಾತ್ಪರ್ಯ.

1510ರಲ್ಲಿ ಪೋರ್ತುಗೀಸ್ ಗವರ್ನರ್ ಅಫೊನ್ಸೊ ಡಿ ಆಲ್ಬುಕರ್ಕ್ ಬಿಜಾಪುರದ ಕೈಯಿಂದ ಗೋವೆಯನ್ನು ಕಿತ್ತುಕೊಂಡ ಮೇಲೆ ಕುದುರೆಯ ಕೀಲಿಕೈ ಒಬ್ಬನ ಮುಷ್ಟಿಗೆ ಬಂತು. ಅದೇ ವರ್ಷ ಅವನು ಫ್ರಾ ಲುಯಿಸ್ ಎಂಬ ಪಾದ್ರಿಯನ್ನು ರಾಯಭಾರಿಯಾಗಿ ವಿಜಯನಗರಕ್ಕೆ ಕಳುಹಿಸಿದ್ದನು. ಕಲ್ಲಿಕೋಟೆಯ ಸಾಮೂದಿರಿಯ ಮೇಲೆ ನಮಗೆ ನೆರವಾಗಿ, ಹೋರ್ಮುಜಿನ ಕುದುರೆಗಳು ನಿಮಗೇ ಬರುವಂತೆ ಮಾಡುತ್ತೇವೆ ಎಂಬುದು ಸಂದೇಶ. ಪಾಪ, ಆ ಪಾದ್ರಿ ಹಂಪೆಯಲ್ಲೇ ಕೊಲೆಯಾದನು. ಮಾತುಕತೆ ಮಾತ್ರ ನಿಲ್ಲಲಿಲ್ಲ. 1514ರಲ್ಲಿ ರಾಯನು ಕುದುರೆಗಳನ್ನು ತಾನೊಬ್ಬನೇ ಕೊಳ್ಳುವ ಹಕ್ಕಿಗೆ ದೊಡ್ಡ ಮೊತ್ತ ಕೊಡಲು ಮುಂದಾದನು, ಆಲ್ಬುಕರ್ಕ್ ಒಪ್ಪಲಿಲ್ಲ. ರಾಯನು ಮತ್ತೆ ಕೇಳಿದಾಗ, ಅದರ ಸುಳಿವು ಸಿಕ್ಕಿ ಬಿಜಾಪುರದ ಆದಿಲ್‌ಶಾಹನೂ ಗೋವೆಗೆ ರಾಯಭಾರಿಯನ್ನು ಕಳುಹಿಸಿದನು. ಆಗ ಆಲ್ಬುಕರ್ಕ್ ಮಾಡಿದ್ದೇನು? ವರ್ಷಕ್ಕೆ 30,000 ಕ್ರುಜಾಡೊ ಕೊಟ್ಟು ನಿಮ್ಮ ಆಳುಗಳನ್ನೇ ಗೋವೆಗೆ ಕಳುಹಿಸಿ ಕರೆದೊಯ್ದರೆ ಎಲ್ಲ ಕುದುರೆಗಳೂ ನಿಮಗೇ ಎಂದು ವಿಜಯನಗರಕ್ಕೆ ಬರೆದನು. ಗೋವೆಯ ಎದುರಿನ ನೆಲವನ್ನು ಬಿಟ್ಟುಕೊಟ್ಟರೆ ಎಲ್ಲ ಕುದುರೆಗಳೂ ನಿಮಗೇ ಎಂದು ಬಿಜಾಪುರಕ್ಕೂ ಬರೆದನು! ಯಾವುದೂ ಇತ್ಯರ್ಥವಾಗುವ ಮೊದಲೇ, 1515ರ ಡಿಸೆಂಬರಿನಲ್ಲಿ, ಅವನು ತೀರಿಕೊಂಡನು.

1520ರ ರಾಯಚೂರು ಯುದ್ಧದ ಕಿಡಿಯೂ ಕುದುರೆಯ ಹಣದಿಂದಲೇ ಹಾರಿತೆಂದರೆ ಓದುಗರು ಆಶ್ಚರ್ಯಪಡಬಹುದು. ನೂನಿಜ್ ಹೇಳುವಂತೆ, ರಾಯನು ಸೀದಿ ಮರ್ಕಾರ್ ಎಂಬ ವರ್ತಕನ ಕೈಯಲ್ಲಿ 40,000 ಪರ್ದಾವ್ ಕೊಟ್ಟು ಗೋವೆಯಿಂದ ಕುದುರೆ ತರಲು ಕಳುಹಿಸಿದನು. ಅವನು ಹಣದ ಸಮೇತ ಬಿಜಾಪುರಕ್ಕೆ ಓಡಿಹೋದನು. ಮರಳಿ ಒಪ್ಪಿಸೆಂದರೆ ಆದಿಲ್‌ಶಾಹನು ಒಪ್ಪಿಸಲಿಲ್ಲ. ರಾಯನು ದಂಡೆತ್ತಿ ಹೋಗಿ ರಾಯಚೂರಿಗೆ ಮುತ್ತಿಗೆ ಹಾಕಿದನು. ಕುದುರೆ ಮಾರಲು ಬಂದಿದ್ದ ಕ್ರಿಸ್ಟೊವಾವೊ ಡಿ ಫಿಗೇರೆದೊ ಎಂಬ ಪೋರ್ತುಗೀಸನು ಆಗ ಇಪ್ಪತ್ತು ಮಂದಿ ಬಂದೂಕುಗಾರರೊಡನೆ ಅಲ್ಲಿಗೆ ಬಂದನು. ಕೋಟೆಯ ಮೇಲೆ ತಲೆಯೆತ್ತಿದವರನ್ನು ಇವರು ಗುರಿಯಿಟ್ಟು ಹೊಡೆದಂತೆ, ಕೆಳಗೆ ರಾಯನ ಕಾಲಾಳುಗಳು ಹಾರೆ ಗುದ್ದಲಿಗಳಿಂದ ಗೋಡೆಯನ್ನು ಕೆಡವಿದರು. ಕೋಟೆ ಬಿತ್ತು. ಅದಕ್ಕೆ ಮೊದಲೇ ಬಯಲಿನ ಕಾಳಗದಲ್ಲಿ ಬಿಜಾಪುರದ ಫಿರಂಗಿಗಳೆಲ್ಲ ರಾಯನ ವಶವಾಗಿದ್ದವು.

ಈಗ ಹುಡುಗನ ಆಟದ ಲೆಕ್ಕದಲ್ಲಿ ನೋಡೋಣ. ಬಂದೂಕು ಕಣ್ಣೆದುರಿಗೆ ಬಂತು, ಫಿರಂಗಿಗಳು ಕೈಗೂ ಬಂದವು. ಆದ್ದರಿಂದ ಆ ವಿದ್ಯೆ ವಿಜಯನಗರಕ್ಕೆ ಬಂತೆನ್ನಬೇಕು. ನಡೆದದ್ದು ಬೇರೆ. ಇತಿಹಾಸಕಾರ ರಿಚರ್ಡ್ ಈಟನ್ ಅವರು ಈ ಯುದ್ಧವನ್ನು ವಿವರವಾಗಿ ಪರಿಶೀಲಿಸಿ, ಗೆದ್ದ ವಿಜಯನಗರವು ಹಳೆಯ ರೀತಿಯಲ್ಲೇ ಉಳಿಯಿತೆಂದೂ ಸೋತ ಬಿಜಾಪುರವೇ ಪಾಠ ಕಲಿತು ಫಿರಂಗಿಯನ್ನೂ ಕೋಟೆಯ ಬುರುಜುಗಳನ್ನೂ ಸುಧಾರಿಸಿಕೊಂಡಿತೆಂದೂ ವಾದಿಸಿದ್ದಾರೆ. ಇಪ್ಪತ್ತು ಮಂದಿ ಬಂದೂಕುಗಾರರು ಬಂದ ಕೆಲಸ ಮುಗಿಸಿ ಉಡುಗೊರೆ ಪಡೆದು ಹೋದರು. ಅವರ ಕೈಚಳಕವೂ ಅವರ ಜೊತೆಯಲ್ಲೇ ಹೋಯಿತು.

ಇಂಥದೇ ಇನ್ನೊಂದು ಪ್ರಸಂಗ ಹೊಸಪೇಟೆಯ ಕಡೆಯದು. ಕೃಷ್ಣದೇವರಾಯನು ತಾನು ಕಟ್ಟಿಸಿದ ನಾಗಲಾಪುರಕ್ಕೆ ನೀರೊದಗಿಸಲು ಎರಡು ಬೆಟ್ಟಗಳ ನಡುವೆ ಭಾರಿ ಕೆರೆಯೊಂದನ್ನು ಕಟ್ಟಿಸತೊಡಗಿದನು. ಅದಕ್ಕಾಗಿ ಗೋವೆಯಿಂದ ಜೊವಾವೊ ಡೆಲ್ಲಾ ಪೊಂಟೆ ಎಂಬ ಕಲ್ಲುಕೆಲಸದ ನಿಪುಣನನ್ನು ಪೋರ್ತುಗೀಸರು ಕಳುಹಿಸಿಕೊಟ್ಟರು. ಸ್ನೇಹದ ಕುರುಹಾಗಿ ಒಬ್ಬ ತಂತ್ರಜ್ಞನನ್ನು ಕೊಡುವುದೆಂದರೆ ಇದೇ. ಅವನು ಬಂದವನೇ ಸುಣ್ಣ ಬೇಕೆಂದನು. ರಾಯನು ನಕ್ಕುಬಿಟ್ಟನಂತೆ, ತನ್ನ ನಾಡಿನಲ್ಲಿ ಮನೆ ಕಟ್ಟಲೂ ಸುಣ್ಣ ಹಾಕುವುದಿಲ್ಲವೆಂದು. ದೊಡ್ಡ ದೊಡ್ಡ ಬಂಡೆಗಳನ್ನು ಕಣಿವೆಗೆ ಉರುಳಿಸಿರೆಂದನು. ಕಟ್ಟಿದ್ದೆಲ್ಲ ಕುಸಿಯಿತು. ಆಮೇಲೆ ನರಬಲಿ ಕೊಟ್ಟರೆಂಬ ಘೋರ ಸಂಗತಿಯನ್ನು ನೂನಿಜ್ ಬರೆದಿದ್ದಾನೆ. ಕೆರೆಯ ಕೆಲಸವನ್ನು ಕಣ್ಣಾರೆ ಕಂಡ ಡೊಮಿಂಗೊ ಪಾಯೆಸ್ ಕೂಡ ಬರೆದಿದ್ದಾನೆ. ಹದಿನೈದು ಇಪ್ಪತ್ತು ಸಾವಿರ ಜನ ಇರುವೆಗಳಂತೆ ನೆಲವೇ ಕಾಣದ ಹಾಗೆ ಮುತ್ತಿಕೊಂಡು ದುಡಿಯುತ್ತಿದ್ದರೆಂಬುದೂ ಅವನ ವರ್ಣನೆ. ಕೊನೆಗೆ ಕೆರೆಯೇನೋ ನಿಂತಿತು. ಸುಣ್ಣದ ಮಾತಿಗೆ ನಕ್ಕ ಆ ಗಳಿಗೆಯನ್ನು ಮಾತ್ರ ನಾವು ಮರೆಯಲಾರೆವು. ಕರೆಸಿದ ಕುಶಲಿಯ ಮಾತನ್ನು ಕೇಳುವ ಮನಸ್ಸು ಕರೆಸಿಕೊಂಡವನಿಗೆ ಇರಲಿಲ್ಲ. ರಾಯನ ಅಭಿಮಾನಿಗಳಾದ ನಮಗೂ ಇದನ್ನು ಒಪ್ಪದೆ ಗತ್ಯಂತರವಿಲ್ಲ.

ಇನ್ನು 1547ರ ಒಪ್ಪಂದ. ಆ ವರ್ಷದ ಸೆಪ್ಟೆಂಬರ್ 19ರಂದು ಗೋವೆಯ ಗವರ್ನರ್ ಡೊಂ ಜೊವಾವೊ ಡಿ ಕಾಸ್ಟ್ರೊ ಮತ್ತು ವಿಜಯನಗರದ ಸದಾಶಿವರಾಯನ ನಡುವೆ ಆದ ಈ ಕೌಲಿನ ಪ್ರಕಾರ ಗೋವೆಗೆ ಬರುವ ಅರಬ್ಬಿ, ಪಾರಸಿ ಕುದುರೆಗಳೆಲ್ಲ ವಿಜಯನಗರಕ್ಕೆ. ಬಿಜಾಪುರಕ್ಕೆ ಒಂದೂ ಹೋಗಕೂಡದು. ಅದಕ್ಕೆ ಪ್ರತಿಯಾಗಿ ವಿಜಯನಗರದ ಪೆಟ್ಲುಪ್ಪು ಮತ್ತು ಕಬ್ಬಿಣ ಪೋರ್ತುಗೀಸರಿಗೆ. ಬಟ್ಟೆ ಅಂಕೋಲೆ, ಹೊನ್ನಾವರಗಳಿಗೆ ಬರಬೇಕು. ತುರ್ಕರ ಹಡಗುಗಳಿಗೆ ರೇವಿನಲ್ಲಿ ಎಡೆಯಿಲ್ಲ. ಪೆಟ್ಲುಪ್ಪೆಂದರೆ ಬಂದೂಕಿನ ಮದ್ದಿನ ಮುಖ್ಯ ಪದಾರ್ಥ. ಒಬ್ಬರಿಗೆ ಕುದುರೆ, ಇನ್ನೊಬ್ಬರಿಗೆ ಮದ್ದು. ನಮ್ಮ ಹುಡುಗನು ತೆರೆಯ ಮೇಲೆ ಮಾಡಿದ ವ್ಯಾಪಾರಕ್ಕೂ ಇದಕ್ಕೂ ಎಷ್ಟು ಹೋಲಿಕೆ ನೋಡಿ! ಆದರೆ ಮರುವರ್ಷ, 1548ರಲ್ಲಿ, ಅದೇ ಗೋವೆಯವರು ಬಿಜಾಪುರದೊಡನೆಯೂ ಒಪ್ಪಂದ ಮಾಡಿಕೊಂಡರು. 1565ರಲ್ಲಿ ತಾಳಿಕೋಟೆಯ ಕಾಳಗದ ಬಳಿಕ ಹಂಪೆ ಹಾಳಾದಾಗ ಗೋವೆಯ ಕುದುರೆ ವ್ಯಾಪಾರವೂ ಸೊರಗಿತು.

ಇಷ್ಟು ವರ್ಷ ಕೊಂಡರೂ ಕುದುರೆಯ ವಿದ್ಯೆ ಏಕೆ ಬರಲಿಲ್ಲ? ಹವೆಯ ಕಾರಣ ಇದ್ದೇ ಇದೆ. ಇನ್ನೊಂದು ಕಾರಣವನ್ನು ಮಾರ್ಕೊ ಪೋಲೊ ಹದಿಮೂರನೆಯ ಶತಮಾನದ ಕೊನೆಯಲ್ಲಿ ತಮಿಳು ಕರಾವಳಿಯ ಬಗ್ಗೆ ಬರೆಯುತ್ತ ಹೇಳಿದ್ದಾನೆ. ಅಲ್ಲಿಯ ಜನಕ್ಕೆ ಕುದುರೆ ಸಾಕುವ ಬಗೆ ತಿಳಿಯದು. ಬೇಯಿಸಿದ ಅನ್ನ, ಮಾಂಸ ತಿನ್ನಿಸುತ್ತಾರೆ. ವರ್ಷಾಂತ್ಯಕ್ಕೆ ಬಹುಪಾಲು ಸಾಯುತ್ತವೆ. ಕುದುರೆಯ ಚಿಕಿತ್ಸಕರು ಅತ್ತ ಹೋಗದಂತೆ ವರ್ತಕರೇ ನೋಡಿಕೊಳ್ಳುತ್ತಾರೆ, ಕುದುರೆ ಸತ್ತರೆ ತಾನೆ ಮತ್ತೆ ವ್ಯಾಪಾರ! ಸರಕನ್ನು ಮಾರುವವನು ಸರಕಿನ ಗುಟ್ಟನ್ನು ಮಾರುವುದಿಲ್ಲ.

ನಮ್ಮ ಓದುಗರಲ್ಲಿ ಕೇಂದ್ರ ಸರ್ಕಾರದ ಇಲಾಖೆಗಳಲ್ಲಿ ದುಡಿದವರು, ದುಡಿಯುತ್ತಿರುವವರು ಅನೇಕರಿದ್ದಾರೆ. ‘ತಂತ್ರಜ್ಞಾನ ವರ್ಗಾವಣೆ’ ಎಂಬ ಮಾತು ಅವರಿಗೆ ಹೊಸದಲ್ಲ. ಬೆಂಗಳೂರಿನ ಇಸ್ರೊ ಸಂಸ್ಥೆಯು 1991ರಲ್ಲಿ ಸೋವಿಯತ್ ಒಕ್ಕೂಟದ ಗ್ಲಾವ್‌ಕಾಸ್ಮಾಸ್ ಜೊತೆ ಕ್ರಯೋಜನಿಕ್ ಎಂಜಿನ್ನುಗಳಿಗೂ ಅವುಗಳ ತಂತ್ರಜ್ಞಾನಕ್ಕೂ ಒಪ್ಪಂದ ಮಾಡಿಕೊಂಡದ್ದು, 1992ರಲ್ಲಿ ಅಮೆರಿಕ ನಿರ್ಬಂಧ ಹೇರಿದ್ದು, 1993ರಲ್ಲಿ ಒಪ್ಪಂದವನ್ನು ತಿದ್ದಿ ‘ಏಳು ಎಂಜಿನ್ ಕೊಡುತ್ತೇವೆ, ವಿದ್ಯೆ ಕೊಡುವುದಿಲ್ಲ’ ಎಂದು ರಷ್ಯ ಹೇಳಿದ್ದು ಹಲವರಿಗೆ ನೆನಪಿರಬಹುದು. ನಮ್ಮವರೇ ಮಾಡಿದ ಕ್ರಯೋಜನಿಕ್ ಎಂಜಿನ್ ಹೊತ್ತ ಜಿಎಸ್‌ಎಲ್‌ವಿ ರಾಕೆಟ್ ಯಶಸ್ವಿಯಾಗಿ ಹಾರಿದ್ದು 2014ರ ಜನವರಿ 5ರಂದು. ಏಳು ಎಂಜಿನ್ನುಗಳ ಮಾತು ಓದಿದಾಗಲೆಲ್ಲ ನಮಗೆ ಹೋರ್ಮುಜಿನ ಕುದುರೆಗಳೇ ಕಣ್ಣಿಗೆ ಕಟ್ಟುತ್ತವೆ.

ಕುದುರೆಯ ಬದಲು ಕುದುರೆ ಸಾಕುವವನನ್ನೇ ಕೇಳಬೇಕೆಂದು ಕನ್ನಡನಾಡಿನಲ್ಲಿ ಅರಿತವನು ಟೀಪೂ ಸುಲ್ತಾನ. ಟೀಪುವಿನ ಹೆಸರೆತ್ತಿದರೆ ಇಂದು ಜಗಳವಾಗುತ್ತದೆ. ಕೊಡಗು, ಮಂಗಳೂರುಗಳ ಕಡೆಯ ನಮ್ಮ ಸದಸ್ಯರಿಗೆ ಅವನ ನೆನಪು ಹಿತವಾದುದಲ್ಲ, ಅದಕ್ಕೆ ಕಾರಣವೂ ಇದೆ. ಆ ಲೆಕ್ಕವನ್ನು ಮುಚ್ಚಿಡುವ ಉದ್ದೇಶ ನಮಗಿಲ್ಲ. ಪ್ರಕೃತ ವಿಷಯ ಅವನ ರಾಯಭಾರಗಳಷ್ಟೇ.

ಮೊದಲು ಅವನ ಕಣ್ಣು ನಮ್ಮ ಈ ದಿಲ್ಲಿಯ ಮೇಲೇ ಇತ್ತು. ಮೊಗಲ್ ಬಾದಶಹ ಶಾ ಆಲಮನ ದರಬಾರಿನಲ್ಲಿ ಮೂಲ್‌ಚಂದ್, ಸುಜನ್‌ರಾಯ್ ಎಂಬ ಅವನ ವಕೀಲರಿದ್ದರು. ಮೈಸೂರು ಸರ್ಕಾರದ ಕೆಲಸಕ್ಕಾಗಿ ದಿಲ್ಲಿಯಲ್ಲಿ ಕಾದು ಕುಳಿತವರಲ್ಲಿ ಇವರು ಹಿರಿಯರೆನ್ನಬೇಕು! ಇಲ್ಲಿ ಕೆಲಸವಾಗದೆ ಅವನು ತುರ್ಕಿಯ ಕಡೆ ತಿರುಗಿದನು. 1786ರಲ್ಲಿ ಗುಲಾಮ್ ಅಲಿ ಖಾನನ ಮುಂದಾಳುತನದಲ್ಲಿ ನಾಲ್ಕು ಹಡಗುಗಳು ಗೋಕರ್ಣದ ಬಳಿಯ ತದಡಿ ರೇವಿನಿಂದ ಹೊರಟವು. ಗಂಧ, ಮೆಣಸು, ಬಟ್ಟೆಗಳ ಜೊತೆಗೆ ಒಯ್ದ ಒಪ್ಪಂದದ ಕರಡಿನಲ್ಲಿ ಒಂದು ಕಲಮು ಹೀಗಿತ್ತು: ಸುಲ್ತಾನರು ಬಂದೂಕು, ಫಿರಂಗಿ, ಗಾಜು, ಪಿಂಗಾಣಿ ಮಾಡಬಲ್ಲ ಕುಶಲಕರ್ಮಿಗಳನ್ನು ಮೈಸೂರಿಗೆ ಕಳುಹಿಸಬೇಕು, ಪ್ರತಿಯಾಗಿ ಅವರಿಗೆ ಬೇಕಾದ ಕೆಲಸಗಾರರನ್ನು ಟೀಪೂ ಕಳುಹಿಸುವನು. ಕೊಡುಕೊಳ್ಳುವ ಸರಕು ಇಲ್ಲಿ ವಿದ್ಯಾವಂತ ಮನುಷ್ಯನೇ. ನಾವು ಓದಿದ ಮಟ್ಟಿಗೆ ಹಂಪೆಯ ಯಾವ ಕೌಲಿನಲ್ಲೂ ಇಂಥ ಮಾತಿಲ್ಲ.

ಆದರೆ ಬಯಸುವುದು ಬೇರೆ, ದಕ್ಕುವುದು ಬೇರೆ. ರಷ್ಯದ ಭಯದಲ್ಲಿದ್ದ ತುರ್ಕಿಗೆ ಇಂಗ್ಲಿಷರ ಸ್ನೇಹ ಬೇಕಾಗಿತ್ತು. ಮನ್ನಣೆ, ಖಿಲ್ಲತ್ತುಗಳನ್ನು ಕೊಟ್ಟು ಕಳುಹಿಸಿದರು, ಮೈತ್ರಿ ಕೊಡಲಿಲ್ಲ. ಹಡಗು ಮುಳುಗಿ, ರೋಗ ತಗುಲಿ, ಹೊರಟ ನೂರಾರು ಮಂದಿಯಲ್ಲಿ ಬಹುಪಾಲು ಜನ ಊರಿಗೆ ಮರಳಲೇ ಇಲ್ಲ. ಪರಿವಾರದವರಲ್ಲಿ, ಅಡಿಗೆಯವರಲ್ಲಿ, ಖಲಾಸಿಗಳಲ್ಲಿ ಕನ್ನಡದ ಮಕ್ಕಳೂ ಇದ್ದಿರಲೇಬೇಕು. ಊರು ಬಿಟ್ಟು ದೂರ ಬಂದಿರುವ ನಮಗೆ ಆ ಹೆಸರಿಲ್ಲದವರ ನೆನಪಾಗದಿರದು.

ಮುಂದಿನದು ಫ್ರಾನ್ಸಿನ ರಾಯಭಾರ. ಮುಹಮ್ಮದ್ ದರ್ವೇಶ್ ಖಾನ್, ಅಕ್ಬರ್ ಅಲಿ ಖಾನ್, ಮುಹಮ್ಮದ್ ಉಸ್ಮಾನ್ ಖಾನ್ ಈ ಮೂವರು 1787ರಲ್ಲಿ ಪುದುಚೇರಿಯಿಂದ ಹಡಗು ಹತ್ತಿ 1788ರ ಜೂನಿನಲ್ಲಿ ತೂಲೋನ್ ಬಂದರಿನಲ್ಲಿಳಿದರು. ಪ್ಯಾರಿಸಿನಲ್ಲಿ ಅವರನ್ನು ನೋಡಲು ಜನಜಾತ್ರೆ. ಹೆಸರಾಂತ ಚಿತ್ರಕಾರ್ತಿ ವಿಜೆ ಲ ಬ್ರೂನ್ ದರ್ವೇಶ್ ಖಾನನ ಆಳೆತ್ತರದ ಚಿತ್ರ ಬರೆದಳು. ಆಗಸ್ಟ್ 10ರಂದು ವರ್ಸೇಲ್ಸ್ ಅರಮನೆಯಲ್ಲಿ 16ನೆಯ ಲೂಯಿಯ ದರ್ಶನವಾಯಿತು. ಇವರು ಕೇಳಿದ್ದು ಇಂಗ್ಲಿಷರ ವಿರುದ್ಧ ಮೈತ್ರಿ, 10,000 ಸೈನಿಕರು. ಅದರ ಜೊತೆಗೆ ಬಂದೂಕು ಮಾಡುವವರು, ಫಿರಂಗಿ ಎರಕ ಹೊಯ್ಯುವವರು, ಗಡಿಯಾರದವರು, ಗಾಜಿನವರು, ಪಿಂಗಾಣಿಯವರು, ವೈದ್ಯರು, ತೋಟಗಾರರು, ಲವಂಗ ಕರ್ಪೂರಗಳ ಸಸಿಗಳು, ಹೂವು ಹಣ್ಣಿನ ಬೀಜಗಳು. ಮೈಸೂರಿನ ಅರಸನು ಬರೆಸಿದ ಈ ಪಟ್ಟಿಯನ್ನು ನೋಡಿದರೆ ಒಂದು ನಾಡಿನ ಕಾರ್ಖಾನೆಗಳನ್ನೆಲ್ಲ ಒಂದೇ ಹಡಗಿನಲ್ಲಿ ತರಿಸುವ ಆತುರ ಕಾಣುತ್ತದೆ.

ಲೂಯಿಯು 1783ರಲ್ಲಿ ಇಂಗ್ಲಿಷರೊಡನೆ ಸಂಧಿ ಮಾಡಿಕೊಂಡಿದ್ದನು. ಬೊಕ್ಕಸದ ಸ್ಥಿತಿ ಇನ್ನೂ ಶೋಚನೀಯ: ದರ್ಶನವಾಗಿ ಆರೇ ದಿನಕ್ಕೆ, ಆಗಸ್ಟ್ 16ರಂದು, ಫ್ರೆಂಚ್ ಸರ್ಕಾರ ತನ್ನ ಪಾವತಿಗಳನ್ನು ನಿಲ್ಲಿಸಿತು. ಅಂಥವನು 10,000 ಸೈನಿಕರನ್ನು ಎಲ್ಲಿಂದ ಕೊಟ್ಟಾನು? ಸೆವ್ರ್ ಪಿಂಗಾಣಿಯ ಉಡುಗೊರೆ, ಒಂದಷ್ಟು ಕುಶಲಕರ್ಮಿಗಳು, ಬೀಜ ಗೆಡ್ಡೆಗಳು ಇಷ್ಟನ್ನು ಕೊಟ್ಟು ಸೌಜನ್ಯದಿಂದ ಬೀಳ್ಕೊಟ್ಟನು. ರಾಯಭಾರಿಗಳು 1789ರ ಮೇ ತಿಂಗಳಲ್ಲಿ ಪುದುಚೇರಿಗೆ ಮರಳಿದರು. ಜುಲೈ ತಿಂಗಳಲ್ಲಿ ಪ್ಯಾರಿಸಿನಲ್ಲಿ ಬಾಸ್ಟೀಲ್ ಬಿತ್ತು.

ಒಂದು ವಿದ್ಯೆ ಮಾತ್ರ ಮೈಸೂರಿನಲ್ಲೇ ಇತ್ತು. ಯಾರಿಂದಲೂ ಬೇಡಿ ತಂದದ್ದಲ್ಲ. ಅದು ಕಬ್ಬಿಣದ ಕೊಳವೆಯ ರಾಕೆಟ್, ನಮ್ಮವರ ಬಾಣ. ಯುರೋಪಿನಲ್ಲಿ ಕಾಗದದ ಕೊಳವೆಯಲ್ಲಿ ಮದ್ದು ತುಂಬುತ್ತಿದ್ದಾಗ ಇಲ್ಲಿಯ ಕಮ್ಮಾರರು ಕಬ್ಬಿಣದ ತಗಡನ್ನು ಸುತ್ತಿ ಬಿಗಿಯಾಗಿ ತುಂಬಿ ಬಿದಿರ ಗಳಕ್ಕೆ ಕಟ್ಟುತ್ತಿದ್ದರು. ಶ್ರೀರಂಗಪಟ್ಟಣ, ಬೆಂಗಳೂರು, ಚಿತ್ರದುರ್ಗ, ಬಿದನೂರುಗಳಲ್ಲಿ ಇದ್ದ ತಾರಾಮಂಡಲಪೇಟೆಗಳು ಇದರ ಕಾರ್ಯಾಗಾರಗಳು. 1780ರ ಸೆಪ್ಟೆಂಬರ್ 10ರಂದು ಪೊಳ್ಳಿಲೂರಿನಲ್ಲಿ ಬೇಲಿಯ ಇಂಗ್ಲಿಷ್ ದಂಡು ನೆಲಕಚ್ಚಿದ ಚಿತ್ರ ಶ್ರೀರಂಗಪಟ್ಟಣದ ದರಿಯಾ ದೌಲತ್ ಗೋಡೆಯ ಮೇಲಿದೆ. ರಜೆಗೆ ಊರಿಗೆ ಹೋದಾಗ ಮಕ್ಕಳಿಗೆ ತೋರಿಸತಕ್ಕದ್ದು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು, ಟೀಪೂ ಸತ್ತನು. ಅದಕ್ಕೆ ನೆಪ ಸಿಕ್ಕಿದ್ದೂ ರಾಯಭಾರದಿಂದಲೇ: 1798ರಲ್ಲಿ ಮಾರಿಷಸಿನ ಫ್ರೆಂಚ್ ಗವರ್ನರ್ ಮಲಾರ್ಟಿಕ್ ಟೀಪುವಿನ ಗುಟ್ಟಿನ ಮನವಿಯನ್ನು ಡಂಗುರ ಹೊಡೆಸಿದಂತೆ ಪ್ರಕಟಿಸಿಬಿಟ್ಟನು, ಮಂಗಳೂರಿಗೆ ಬಂದಿಳಿದ ಫ್ರೆಂಚರು ಸುಮಾರು ನೂರು ಮಂದಿ, ಇಂಗ್ಲಿಷರಿಗೆ ಸಿಕ್ಕಿದ್ದು ಯುದ್ಧದ ಕಾರಣ.

ಕೋಟೆ ಬಿದ್ದ ಮೇಲೆ ರಾಕೆಟ್ಟುಗಳು ಲೂಟಿಯ ಮಾಲಿನ ಜೊತೆ ಲಂಡನ್ನಿನ ವುಲಿಚ್‌ಗೆ ಹೋದವು. ವಿಲಿಯಂ ಕಾಂಗ್ರೀವ್ ಅವನ್ನು ನೋಡಿ, ಸುಧಾರಿಸಿ, ತಯಾರಿಸಿದನು. 1806ರಲ್ಲಿ ಬೊಲೋನ್, 1807ರಲ್ಲಿ ಕೋಪನ್‌ಹೇಗನ್ ನಗರಗಳ ಮೇಲೆ ಅವು ಬಿದ್ದವು. 1814ರಲ್ಲಿ ಬಾಲ್ಟಿಮೋರ್ ಬಳಿ ಅವುಗಳ ಬೆಳಕನ್ನು ಕಂಡು ಬರೆದ ಹಾಡು ಅಮೆರಿಕದ ರಾಷ್ಟ್ರಗೀತೆಯಾಯಿತು. ಈ ಪಯಣದ ವೈಜ್ಞಾನಿಕ ಕತೆಯನ್ನು ಬೆಂಗಳೂರಿನ ರೊದ್ದಂ ನರಸಿಂಹ ಅವರು 1985ರಲ್ಲಿ ಸೊಗಸಾಗಿ ಬರೆದಿದ್ದಾರೆ. ಅಬ್ದುಲ್ ಕಲಾಂ ಅವರು ಅಮೆರಿಕದ ವಾಲಪ್ಸ್ ರಾಕೆಟ್ ಕೇಂದ್ರದ ಗೋಡೆಯ ಮೇಲೆ ಟೀಪುವಿನ ದಂಡಿನ ಚಿತ್ರ ಕಂಡು ಬೆರಗಾದದ್ದನ್ನು ತಮ್ಮ ಆತ್ಮಕತೆಯಲ್ಲಿ ಹೇಳಿಕೊಂಡಿದ್ದಾರೆ. ನಮ್ಮಲ್ಲಿ ಉಳಿದ ರಾಕೆಟ್ಟುಗಳ ಗತಿ ಬೇರೆ. ಶಿವಮೊಗ್ಗ ಜಿಲ್ಲೆಯ ಬಿದನೂರು ನಗರದ ಹಾಳುಬಾವಿಯೊಂದರ ಕೆಸರಿನಲ್ಲಿ 2018ರಲ್ಲಿ ಸಾವಿರಕ್ಕೂ ಹೆಚ್ಚು ರಾಕೆಟ್ ಕೊಳವೆಗಳು ಸಿಕ್ಕಿದವು.

ಇಂಗ್ಲಿಷರು ವಿದ್ಯೆ ಪಡೆದ ರೀತಿಯಲ್ಲಿ ಇನ್ನೊಂದು ಬಗೆಯೂ ಇದೆ. 1800ರ ಏಪ್ರಿಲಿನಲ್ಲಿ ವೆಲ್ಲೆಸ್ಲಿಯ ಆಜ್ಞೆಯಂತೆ ಡಾಕ್ಟರ್ ಫ್ರಾನ್ಸಿಸ್ ಬುಕಾನನ್ ಮದರಾಸಿನಿಂದ ಹೊರಟು ಮೈಸೂರು ಸೀಮೆಯ ಹಳ್ಳಿಹಳ್ಳಿ ತಿರುಗಿದನು. ಕಬ್ಬಿಣ ಕರಗಿಸುವವನ ಕುಲುಮೆಯ ಅಳತೆ, ಮೂಸೆಯ ಮಣ್ಣು, ಕೂಲಿ, ಇದ್ದಲು, ಚನ್ನಪಟ್ಟಣದಲ್ಲಿ ವೀಣೆ ತಂಬೂರಿಗಳಿಗೆ ಎಳೆಯುವ ಉಕ್ಕಿನ ತಂತಿ ಎಲ್ಲವನ್ನೂ ಕೇಳಿ ಬರೆದುಕೊಂಡನು. ನಮ್ಮ ‘ಉಕ್ಕು’ ಎಂಬ ಮಾತೇ ಇಂಗ್ಲಿಷರ ಬಾಯಲ್ಲಿ ‘ವೂಟ್ಸ್’ ಆಯಿತೆಂದು ಹೇಳುತ್ತಾರೆ. ಮೈಕೆಲ್ ಫ್ಯಾರಡೆಯಂಥವನು ಅದರ ಮೇಲೆ ಪ್ರಯೋಗ ನಡೆಸಿದನು. ಬುಕಾನನ್ ಯಾರೊಡನೆಯೂ ಒಪ್ಪಂದ ಮಾಡಿಕೊಳ್ಳಲಿಲ್ಲ. ಗೆದ್ದವರಿಗೆ ಅದರ ಅಗತ್ಯವೂ ಇರಲಿಲ್ಲ.

ಹಾಗಾದರೆ ಟೀಪುವಿನ ಪ್ರಯತ್ನವೆಲ್ಲ ನೀರುಪಾಲಾಯಿತೇ ಎಂದರೆ ಒಂದು ಉಳಿಯಿತು, ಅದಕ್ಕೆ ವರ್ಸೇಲ್ಸಿನ ನೆರವೇನೂ ಇರಲಿಲ್ಲ. ಮಸ್ಕತ್ತಿನಲ್ಲಿ ಅವನದೊಂದು ವ್ಯಾಪಾರದ ಕೋಠಿ ಇತ್ತು; ಮಂಗಳೂರಿನ ಅಕ್ಕಿ ಅಲ್ಲಿಗೆ ಬೇಕಾಗಿತ್ತು, ಆದ್ದರಿಂದ ಸ್ನೇಹ ಗಟ್ಟಿಯಾಗಿತ್ತು. ಅಲ್ಲಿಯ ತನ್ನ ಅಧಿಕಾರಿಗೆ ಅವನು ರೇಷ್ಮೆಹುಳುವಿನ ಮೊಟ್ಟೆಗಳನ್ನು ಕಳುಹಿಸು, ಸಾಕಬಲ್ಲ ಕೆಲವರನ್ನೂ ಜೊತೆಗೆ ಕಳುಹಿಸು ಎಂದು ಬರೆದನು. ಬಂಗಾಳದ ಕಡೆಗೂ ಜನ ಹೋದರು. ಬಂಗಾಳವಾದರೋ ಅವನ ಕಡುವೈರಿಗಳಾದ ಇಂಗ್ಲಿಷರ ಕೈಯಲ್ಲಿತ್ತು.

1786ರ ಸೆಪ್ಟೆಂಬರಿನಲ್ಲಿ, ಮರಾಠರೊಡನೆ ಯುದ್ಧ ನಡೆದಿದ್ದ ಹೊತ್ತಿನಲ್ಲಿ, ಅವನು ಶ್ರೀರಂಗಪಟ್ಟಣದ ಕಿಲ್ಲೇದಾರನಿಗೆ ಬರೆಸಿದ ಒಂದು ಪತ್ರ ಉಳಿದಿದೆ. ಕರ್ಕ್‌ಪ್ಯಾಟ್ರಿಕ್ 1811ರಲ್ಲಿ ಅದನ್ನು ಇಂಗ್ಲಿಷಿಗೆ ತಿರುಗಿಸಿದನು. ರೇಷ್ಮೆಹುಳು ತರಲು ಬಂಗಾಳಕ್ಕೆ ಹೋಗಿದ್ದ ಬಹಾಉದ್ದೀನ್ ಮತ್ತು ಕಸ್ತೂರಿ ರಂಗ ಸಿದ್ಧವಟದ ಹಾದಿಯಲ್ಲಿ ಹಿಂದಿರುಗುತ್ತಿದ್ದಾರೆ. ಅವರು ಬಂದೊಡನೆ ಹುಳುಗಳನ್ನು ಎಂಥ ಜಾಗದಲ್ಲಿಡಬೇಕೆಂದು ಅವರನ್ನೇ ಕೇಳಿ ಏರ್ಪಾಡು ಮಾಡತಕ್ಕದ್ದು. ಹಿಂದೆಯೇ ನೆಡಲು ಆಜ್ಞೆ ಮಾಡಿದ್ದ ಹಿಪ್ಪುನೇರಳೆಯ ಸೊಪ್ಪು ಹಾಕತಕ್ಕದ್ದು. ಎಷ್ಟು ಹುಳು ಬಂದವು, ಹೇಗೆ ಹೆಚ್ಚಿಸಬೇಕು ಎಂಬುದನ್ನು ಬರೆದು ತಿಳಿಸತಕ್ಕದ್ದು. ಸುಣ್ಣ ಬೇಕೆಂದವನ ಮುಂದೆ ನಕ್ಕ ರಾಯನನ್ನು ನೆನೆದುಕೊಂಡು ಈ ಪತ್ರವನ್ನು ಓದಬೇಕು. ಇಲ್ಲಿ ಸುಲ್ತಾನನು ಕಸ್ತೂರಿ ರಂಗನನ್ನು ಕೇಳಿ ನಡೆಯಿರಿ ಎನ್ನುತ್ತಾನೆ. ಅದೂ ಹುಳು ಬರುವ ಮೊದಲೇ ಸೊಪ್ಪಿನ ಗಿಡ ನೆಡಿಸಿ.

ಆಮೇಲಿನ ಹಾದಿಯೂ ಸುಗಮವಾಗಿರಲಿಲ್ಲ. 1860ರ ದಶಕದಲ್ಲಿ ರೋಗ ಬಂದು ಹುಳುಗಳು ಸತ್ತಾಗ ಇಟಲಿಯ ಡಿ ವೆಚ್ಚಿ ಎಂಬಾತ ಜಪಾನಿನ ಮೊಟ್ಟೆ ತರಿಸಿದನು. ಆ ಶತಮಾನದ ಕೊನೆಯಲ್ಲಿ ಜಮ್‌ಶೇಟ್‌ಜಿ ಟಾಟಾ ಅವರು ಜಪಾನೀ ತಜ್ಞರನ್ನು ಕರೆಸಿ ಬೆಂಗಳೂರಿನಲ್ಲಿ ರೇಷ್ಮೆ ತೋಟ ನಡೆಸಿದರು. ಬಸವನಗುಡಿಯ ಕಡೆಯವರಿಗೆ ‘ಟಾಟಾ ಸಿಲ್ಕ್ ಫಾರಂ’ ಎಂಬ ಹೆಸರು ಈಗಲೂ ಬಳಕೆಯಲ್ಲಿದೆ. 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಸ್ವಿಟ್ಜರ್ಲೆಂಡಿನ ಮಗ್ಗಗಳಿಂದ ಮೈಸೂರಿನ ರೇಷ್ಮೆ ನೇಯ್ಗೆ ಕಾರ್ಖಾನೆ ಶುರುವಾಯಿತು. ಹೊರಗಿನ ತಳಿಗಳ ಜೊತೆ ಸಂಕರ ಮಾಡುವಾಗ ಇಂದಿಗೂ ತಾಯಿಹುಳುವಾಗಿ ಇಟ್ಟುಕೊಳ್ಳುವುದು ನಮ್ಮ ಹವೆಗೆ ಒಗ್ಗಿದ ಮೈಸೂರು ತಳಿಯನ್ನೇ.

ಹುಡುಗನಿಗೆ ಇಷ್ಟನ್ನೂ ಹೇಳಿ ಮುಗಿಸುವ ಹೊತ್ತಿಗೆ ಕತ್ತಲಾಗಿತ್ತು. ಅವನು ಕೇಳಿದ್ದು ಒಂದೇ ಪ್ರಶ್ನೆ: “ಕಸ್ತೂರಿ ರಂಗ ಬಂಗಾಳದಿಂದ ಶ್ರೀರಂಗಪಟ್ಟಣದವರೆಗೆ ದಾರಿಯಲ್ಲಿ ಹುಳುಗಳಿಗೆ ಏನು ತಿನ್ನಿಸುತ್ತಿದ್ದ?” ನಾವು ನಿರುತ್ತರರಾಗಿ ನಮ್ಮ ಮನೆಯಾಕೆಯ ಕಡೆ ನೋಡಿದೆವು. ಆಕೆ ಬಾಬಾ ಖಡಕ್ ಸಿಂಗ್ ಮಾರ್ಗದ ಕಾವೇರಿ ಎಂಪೋರಿಯಮಿನಿಂದ ತಂದ ಮೈಸೂರು ರೇಷ್ಮೆಯ ಸೀರೆಯನ್ನು ಬಿಸಿಲು ಕಾಣದ ಈ ದಿನಗಳಲ್ಲಿ ಎಲ್ಲಿ ಹರವುವುದೆಂಬ ಚಿಂತೆಯಲ್ಲಿದ್ದಳು.